ರಕ್ತ ನಮ್ಮದು, ಲೆಕ್ಕ ಅವರ ಬೀರುವಿನಲ್ಲಿ!

(ಯುಗಾದಿಗೆ ಊರಿಗೆ ಬಂದಿದ್ದ ತರುಣ ತರುಣಿಯರ ಮುಂದೆ ಬಿ.ಜಿ. ಕೆರೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕನ್ನಡದ ಬಗ್ಗೆ ಮಾತನಾಡಬೇಕು ಅಂತ ನನ್ನನ್ನು ಕರೆದಿದ್ದೀರಿ. ಕನ್ನಡದ ಬಗ್ಗೆಯೇ ಮಾತನಾಡುತ್ತೇನೆ. ಆದರೆ ಇವತ್ತು ಪಂಪ, ರನ್ನರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವ ಆಸೆ ನನಗಿಲ್ಲ. ನಾನು ಸೀಸದ ಬಗ್ಗೆ ಹೇಳಲು ಬಂದಿದ್ದೇನೆ. ಸೀಸಕ್ಕೂ ಕನ್ನಡಕ್ಕೂ ಎತ್ತಣ ಸಂಬಂಧ ಅಂತ ನೀವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೀರಿ. ಸಂಬಂಧ ಇದೆ. ಬಹಳ ಹಳೆಯ ಸಂಬಂಧ.

ನಿಮ್ಮ ಅಪ್ಪ, ಅಜ್ಜಂದಿರು ಓದಿದ ಬಹುಪಾಲು ಕನ್ನಡ ಪುಸ್ತಕಗಳು, ಪತ್ರಿಕೆಗಳು ಸೀಸದಿಂದ ಅಚ್ಚಾದವು. ಅಚ್ಚಿನ ಮೊಳೆ ಅಂದರೆ ಏನು? ಸೀಸಕ್ಕೆ ಒಂದಿಷ್ಟು ತವರ, ಒಂದಿಷ್ಟು ಆಂಟಿಮನಿ ಬೆರೆಸಿ ಎರಕ ಹೊಯ್ದ ಅಕ್ಷರ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಕಿಟೆಲ್ಲರ ನಿಘಂಟಿನಿಂದ ಹಿಡಿದು ಮೊನ್ನೆ ಮೊನ್ನೆ ಕಂಪ್ಯೂಟರು ಬರುವ ತನಕ ಕನ್ನಡ ಸೀಸದ ಮೇಲೆ ನಿಂತಿತ್ತು. ಇಂಗ್ಲಿಷಿಗೆ 26 ಅಕ್ಷರ ಸಾಕು. ಕನ್ನಡದ ಕಂಪೋಸಿಟರನ ಮುಂದೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಮನೆಗಳ ಪೆಟ್ಟಿಗೆ! ದಿನವಿಡೀ ನಿಂತು ಒಂದೊಂದೇ ಮೊಳೆ ಹೆಕ್ಕಿ ಜೋಡಿಸಬೇಕು. ಅದೇ ಕೈಯಲ್ಲಿ ಬೀಡಿ, ಅದೇ ಕೈಯಲ್ಲಿ ಊಟ. ಕವಿಗಳಿಗೆ ನಾವು ಪ್ರತಿಮೆ ನಿಲ್ಲಿಸಿದೆವು, ಒಳ್ಳೆಯದೇ. ಆ ಕವಿತೆಯನ್ನು ಜೋಡಿಸಿದ ಬೆರಳುಗಳ ರಕ್ತದಲ್ಲಿ ಎಷ್ಟು ಸೀಸ ಸೇರಿತ್ತು ಅಂತ ಕೇಳಿದವರಾರು?

ಆ ಕಾಲ ಹೋಯಿತು. ಸೀಸ ಹೋಗಲಿಲ್ಲ. ಇವತ್ತು ಜಗತ್ತಿನಲ್ಲಿ ಬಳಕೆಯಾಗುವ ಸೀಸದಲ್ಲಿ ಹತ್ತಕ್ಕೆ ಎಂಟು ಪಾಲಿಗಿಂತ ಹೆಚ್ಚು ಹೋಗುವುದು ಬ್ಯಾಟರಿಗೆ. ನಮ್ಮ ಈ ರಸ್ತೆಯಲ್ಲಿ ಬಳ್ಳಾರಿ ಕಡೆಗೆ, ಚಳ್ಳಕೆರೆ ಕಡೆಗೆ ಹಗಲೂ ರಾತ್ರಿ ಓಡುವ ಲಾರಿಗಳನ್ನು ನೋಡಿ. ಒಂದೊಂದರ ಹೊಟ್ಟೆಯಲ್ಲೂ ಬ್ಯಾಟರಿ. ಹೊಲದ ಟ್ರ್ಯಾಕ್ಟರಿನಲ್ಲಿ ಬ್ಯಾಟರಿ, ಮನೆಯ ಯುಪಿಎಸ್‌ನಲ್ಲಿ ಬ್ಯಾಟರಿ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಹಳೆಯದಾದ ಮೇಲೆ ಗುಜರಿಯವನು ತೂಕ ಹಾಕಿ ಒಯ್ಯುತ್ತಾನೆ. ಎಲ್ಲಿಗೆ ಒಯ್ಯುತ್ತಾನೆ? ಎಲ್ಲೋ ಒಂದು ಕಡೆ ಯಾರೋ ಅದನ್ನು ಒಡೆಯುತ್ತಾರೆ, ಭಟ್ಟಿಗೆ ಹಾಕುತ್ತಾರೆ, ಮತ್ತೆ ಹೊಸ ಪ್ಲೇಟು ಎರೆಯುತ್ತಾರೆ. ಆ 'ಯಾರೋ' ಅನ್ನುವವರಲ್ಲಿ ನಮ್ಮ ಹುಡುಗರೂ ಇದ್ದಾರೆ. ಮಳೆ ಕೈಕೊಟ್ಟು ಶೇಂಗಾ ಒಣಗಿದಾಗ, ಮೊಳಕಾಲ್ಮೂರಿನ ಮಗ್ಗದ ಗುಂಡಿಯಲ್ಲಿ ಕೂತು ಸೀರೆ ನೇಯ್ದರೆ ಹೊಟ್ಟೆ ತುಂಬುವುದಿಲ್ಲ ಅನ್ನಿಸಿದಾಗ, ಬಸ್ಸು ಹತ್ತಿ ಪೀಣ್ಯ, ದಾಬಸ್‌ಪೇಟೆ, ಹೊಸೂರು ಅಂತ ಹೋದ ಹುಡುಗರು. ಎಲೆಕ್ಟ್ರಾನಿಕ್ಸ್ ಶೆಡ್ಡುಗಳಲ್ಲಿ ಸೀಸದ ಬೆಸುಗೆ ಹಾಕುವ ಹೆಣ್ಣುಮಕ್ಕಳು. ಲಾರಿ ರೇಡಿಯೇಟರ್ ಬೆಸೆಯುವವರು. ಇವರೆಲ್ಲ ಸೀಸದ ಜೊತೆಗೇ ಬದುಕುವವರು.

ಸೀಸ ಬಹಳ ನಯವಂತ ವಿಷ. 327 ಡಿಗ್ರಿಗೇ ಕರಗುತ್ತದೆ, ಕಡಿಮೆ ಸೌದೆ ಸಾಕು. ಕಾವು ಇನ್ನೂ ಏರಿದರೆ ಕಣ್ಣಿಗೆ ಕಾಣದ ಹೊಗೆಯಾಗಿ ಏಳುತ್ತದೆ. ತಣ್ಣಗಾದ ಮೇಲೆ ನುಣ್ಣನೆಯ ಧೂಳಾಗಿ ಮೇಜಿನ ಮೇಲೆ, ಬಟ್ಟೆಯ ಮೇಲೆ, ಟಿಫನ್ ಡಬ್ಬಿಯ ಮುಚ್ಚಳದ ಮೇಲೆ ಕೂರುತ್ತದೆ. ಉಸಿರಿನಿಂದ ಒಳಗೆ ಹೋಗುತ್ತದೆ, ಕೈಯಿಂದ ಬಾಯಿಗೆ ಹೋಗುತ್ತದೆ. ಆಸಿಡ್ ಬಿದ್ದರೆ ಸುಡುತ್ತದೆ, ನೀವು ಕಿರುಚುತ್ತೀರಿ, ಹತ್ತು ಜನ ಓಡಿ ಬರುತ್ತಾರೆ. ಸೀಸ ಸುಡುವುದಿಲ್ಲ, ವಾಸನೆ ಇಲ್ಲ, ಉರಿ ಇಲ್ಲ. ದೇಹ ಅದನ್ನು ಸುಣ್ಣದ ಅಂಶ ಅಂತಲೇ ಭ್ರಮಿಸಿ ಮೂಳೆಯೊಳಗೆ ಕೂಡಿಟ್ಟುಕೊಳ್ಳುತ್ತದೆ.

ಆಮೇಲೆ ಶುರುವಾಗುತ್ತದೆ. ಹೊಟ್ಟೆ ಹಿಂಡುವ ನೋವು, ಮಲಬದ್ಧತೆ, ತಲೆನೋವು, ಸುಸ್ತು, ರಕ್ತಹೀನತೆ. ಸಿಟ್ಟು ಬೇಗ ಬರುತ್ತದೆ, ಮರೆವು ಹೆಚ್ಚುತ್ತದೆ. ಮಣಿಕಟ್ಟು ಬಲ ಕಳೆದುಕೊಂಡು ಕೈ ಜೋತು ಬೀಳುವುದೂ ಉಂಟು. ರಕ್ತದೊತ್ತಡ ಏರುತ್ತದೆ, ಮೂತ್ರಪಿಂಡ ಕೆಡುತ್ತದೆ, ಬಸುರಿಯಾದರೆ ಗರ್ಭ ನಿಲ್ಲದಿರುವುದೂ ಉಂಟು. ಇವುಗಳಲ್ಲಿ ಯಾವುದನ್ನು ನೋಡಿ 'ಇದು ಸೀಸ' ಅಂತ ಹೇಳುತ್ತೀರಿ? ಹೊಟ್ಟೆನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಕೊಡುತ್ತಾರೆ. ಸುಸ್ತಿಗೆ ಟಾನಿಕ್ ಕೊಡುತ್ತಾರೆ. ಸಿಟ್ಟಿಗೆ ಹೆಂಡತಿಯ ಜೊತೆ ಜಗಳ! ಹಾಲು ಬೆಲ್ಲ ತಿಂದರೆ ಇಳಿಯುತ್ತದೆ ಅನ್ನುವ ಒಂದು ನಂಬಿಕೆ ಕಾರ್ಖಾನೆಗಳಲ್ಲಿ ಬಹಳ ಹಿಂದಿನಿಂದ ಇದೆ. ಹೊಟ್ಟೆ ತುಂಬ ಉಂಡವನಿಗೆ, ಸುಣ್ಣ ಕಬ್ಬಿಣದ ಅಂಶ ಸಾಕಷ್ಟು ಇರುವವನಿಗೆ ಸೀಸ ತುಸು ಕಡಿಮೆ ಹತ್ತುತ್ತದೆ, ನಿಜ. ಆದರೆ ಮೂಳೆ ಸೇರಿದ್ದನ್ನು ಬೆಲ್ಲ ತೆಗೆಯುವುದಿಲ್ಲ ಸ್ವಾಮಿ! ಒಂದು ಉಂಡೆ ಬೆಲ್ಲ ಕೊಟ್ಟು ಗಾಳಿ ಹೀರುವ ಯಂತ್ರದ ಖರ್ಚು ಉಳಿಸಿಕೊಳ್ಳುವ ಲೆಕ್ಕಾಚಾರ ಅದು.

ಹಾಗಾದರೆ ಸೀಸ ಒಳಗಿದೆ ಅಂತ ತಿಳಿಯುವುದು ಹೇಗೆ? ರಕ್ತ ಪರೀಕ್ಷೆಯಿಂದ. 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮೈಕ್ರೋಗ್ರಾಂ ಸೀಸ ಇದೆ ಅಂತ ಅಳೆಯುತ್ತಾರೆ. ಮೈಕ್ರೋಗ್ರಾಂ ಅಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು. ಇಷ್ಟು ಇದ್ದರೆ ಭಯವಿಲ್ಲ ಅನ್ನುವ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 5 ಬಂದರೆ ಎಲ್ಲಿಂದ ಬಂತು ಅಂತ ಹುಡುಕಿ ನಿಲ್ಲಿಸಿ ಅಂತ 2021ರಲ್ಲಿ ಅದು ವೈದ್ಯರಿಗೆ ಮಾರ್ಗಸೂಚಿ ಕೊಟ್ಟಿತು. ಅಮೆರಿಕದಲ್ಲಿ 1978ರಲ್ಲಿ ಮಾಡಿದ ನಿಯಮದ ಪ್ರಕಾರ ಕಾರ್ಮಿಕನ ರಕ್ತದಲ್ಲಿ 60 ಬಂದರೆ ಅವನನ್ನು ಸೀಸದ ಕೆಲಸದಿಂದ ತೆಗೆದು ಬೇರೆ ಕಡೆ ಹಾಕಬೇಕು, 40ಕ್ಕಿಂತ ಕೆಳಗೆ ಇಳಿಯುವ ತನಕ ವಾಪಸು ಕಳಿಸುವಂತಿಲ್ಲ. ಅಷ್ಟು ದಿನ, ಹದಿನೆಂಟು ತಿಂಗಳ ತನಕ, ಸಂಬಳ ಕಡಿತ ಮಾಡುವಂತಿಲ್ಲ. ಆ 60 ಕೂಡ ತೀರಾ ಹೆಚ್ಚಾಯಿತು ಅಂತ ಅಲ್ಲಿನ ವೈದ್ಯರೇ ಈಗ ಹೇಳುತ್ತಾರೆ.

ಈಗ ಒಂದು ವಿಷಯ ಗಮನವಿಟ್ಟು ಕೇಳಿ. ಇವತ್ತಿನ ಭಾಷಣದಲ್ಲಿ ಇದೊಂದು ನೆನಪಿದ್ದರೆ ಸಾಕು. ರಕ್ತದ ಸೀಸ ಇತ್ತೀಚಿನ ಕಥೆಯನ್ನು ಮಾತ್ರ ಹೇಳುತ್ತದೆ. ಕೆಲಸ ಬಿಟ್ಟ ಒಂದು ತಿಂಗಳಿಗೆ ಅದು ಸುಮಾರು ಅರ್ಧಕ್ಕೆ ಇಳಿಯಬಹುದು. ಮೂಳೆಗೆ ಸೇರಿದ್ದು ಹತ್ತು, ಇಪ್ಪತ್ತು ವರ್ಷ ಅಲ್ಲೇ ಇದ್ದು ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಿಡುತ್ತಿರುತ್ತದೆ. ಅಂದರೆ ನೀವು ಕೆಲಸದಲ್ಲಿದ್ದಾಗ ತೆಗೆದ ರಕ್ತದ ಲೆಕ್ಕ ಇದೆಯಲ್ಲ, ಅದೇ ನಿಮ್ಮ ಸಾಕ್ಷಿ. ಕೆಲಸ ಬಿಟ್ಟು ಆರು ತಿಂಗಳ ಮೇಲೆ ಯಾವ ದೊಡ್ಡ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿದರೂ ಆ ಸಾಕ್ಷಿ ಮತ್ತೆ ಹುಟ್ಟುವುದಿಲ್ಲ. ಆ ಲೆಕ್ಕ ಎಲ್ಲಿದೆ? ಕಾರ್ಖಾನೆಯ ಆಫೀಸಿನ ಬೀರುವಿನಲ್ಲಿ!

ನಮ್ಮ ಹೋಬಳಿಯ ಒಬ್ಬ ಹುಡುಗ. ಹೆಸರು ಬೇಡ, ಅವನಿದ್ದ ಕಂಪನಿಯ ಹೆಸರೂ ಬೇಡ, ಅವನು ಇನ್ನೂ ದುಡಿದು ಉಣ್ಣಬೇಕು. ಗುತ್ತಿಗೆಯವನ ಕೈಕೆಳಗೆ ಬ್ಯಾಟರಿ ಪ್ಲೇಟಿನ ಕೆಲಸ. ವರ್ಷದಲ್ಲಿ ಮೂರು ಸಲ ರಕ್ತ ತೆಗೆದರು. ಮೂರು ಸಲವೂ ಕೇಳಿದ, 'ಸಾರ್, ಎಷ್ಟು ಬಂತು?' ಸೂಪರ್‌ವೈಸರು ಅಂದ, 'ನಾರ್ಮಲ್ ಐತೆ, ಹೋಗು.' ಮೂರನೆಯ ಸಲದ ನಂತರ ಕಾರಣ ಹೇಳದೆ ಲೋಡಿಂಗಿಗೆ ಹಾಕಿದರು. ಮುಂದಿನ ತಿಂಗಳು ಗುತ್ತಿಗೆ ಮುಗೀತು, ಬರಬೇಡ ಅಂದರು. ಹೊಟ್ಟೆ ಹಿಡಿದುಕೊಂಡು ಊರಿಗೆ ಬಂದ. ಎರಡು ಮೂರು ತಿಂಗಳು ಮಾತ್ರೆ ನುಂಗಿ, ಆಮೇಲೆ ನನ್ನ ಹತ್ತಿರ ಬಂದ. ಅವನ ಮೊಬೈಲಿನಲ್ಲಿ ಒಂದು ಫೋಟೋ ಇತ್ತು. ಎಂದೋ ಮೇಜಿನ ಮೇಲೆ ಬಿದ್ದಿದ್ದ ಒಂದು ಹಾಳೆ, ಯಾರೂ ಇಲ್ಲದಾಗ ತೆಗೆದದ್ದು. 'ಇದ್ರಾಗೆ ಏನ್ ಬರ್ದೈತೆ ನೋಡಣ್ಣ' ಅಂದ. ಪೂರ್ತಿ ಇಂಗ್ಲಿಷು. ಅದರಲ್ಲಿ ಹೆಸರುಗಳಿದ್ದವು, ರಕ್ತದ ಗುಂಪು ಇತ್ತು, ಬಿಪಿ ಇತ್ತು. ಸೀಸದ ಅಂಕಿ ಇದ್ದ ಕಡೆ ಫೋಟೋ ಅಲುಗಿ ಹೋಗಿತ್ತು. ಹೊಸದಾಗಿ ರಕ್ತ ಕೊಡಿಸಿದೆವು. ಅಂಕಿ ಗಾಬರಿಯಾಗುವಷ್ಟೇನೂ ಬರಲಿಲ್ಲ. ಬರುವುದಾದರೂ ಹೇಗೆ? ಅವನು ಆಗಲೇ ಸೀಸ ಬಿಟ್ಟು ತಿಂಗಳುಗಳಾಗಿದ್ದವು. ಮಣಿಕಟ್ಟು ಇವತ್ತಿಗೂ ಸರಿಯಾಗಿಲ್ಲ. ಅವನ ರಕ್ತ, ಅವನ ಮೂಳೆ, ಅವನ ಅಂಕಿ, ಅವನಿಗೇ ಗೊತ್ತಿಲ್ಲ!

ಕಾನೂನು ಇರಲಿಲ್ಲವೇ? ಇತ್ತು. 1948ರ ಕಾರ್ಖಾನೆಗಳ ಕಾಯ್ದೆ ಇತ್ತು. ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಅದು ಮೊಟ್ಟಮೊದಲು ಬರೆದದ್ದೇ ಸೀಸದ ವಿಷ. 1984ರಲ್ಲಿ ಭೋಪಾಲದಲ್ಲಿ ಸಾವಿರಾರು ಜನ ಮಲಗಿದಲ್ಲೇ ಸತ್ತರು. ಗೇಟಿನ ಒಳಗೆ ಯಾವ ವಿಷ ಇದೆ ಅಂತ ಗೇಟಿನ ಹೊರಗಿನವರಿಗೆ ಗೊತ್ತಿರಲಿಲ್ಲ. ಆಮೇಲೆ 1987ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ಬಂತು. ಅಪಾಯಕಾರಿ ಕೆಲಸದಲ್ಲಿರುವ ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆ ಇಡಬೇಕು, ಆ ದಾಖಲೆ ಕಾರ್ಮಿಕನಿಗೆ ನೋಡಲು ಸಿಗಬೇಕು ಅಂತ 41-ಸಿ ಕಲಮು ಹೇಳಿತು. ತನ್ನ ಆರೋಗ್ಯ, ಸುರಕ್ಷತೆಯ ಮಾಹಿತಿ ಪಡೆಯುವುದು ಕಾರ್ಮಿಕನ ಹಕ್ಕು ಅಂತ 111-ಎ ಕಲಮು ಹೇಳಿತು. ಇನ್ನೊಂದು ಕಲಮು ಇತ್ತು, 108. ಅದನ್ನು ನಮ್ಮ ಕನ್ನಡ ಸಂಘಗಳವರು ಎಂದಾದರೂ ಓದಿದ್ದರೋ ಇಲ್ಲವೋ. ಕಾರ್ಖಾನೆಯಲ್ಲಿ ಹಾಕುವ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿ ಮತ್ತು ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು ಅಂತ ಅದು ಹೇಳಿತ್ತು.

ಈಗ ಆ ಕಾಯ್ದೆ ಹೋಗಿದೆ. 2020ರಲ್ಲಿ ಪಾರ್ಲಿಮೆಂಟು ಪಾಸು ಮಾಡಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಮಾಹಿತಿ ಕೇಳುವ ಹಕ್ಕು ಅದರಲ್ಲೂ ಉಳಿದಿದೆ. ಅಪಾಯಕಾರಿ ಕೆಲಸದ ಆರೋಗ್ಯ ದಾಖಲೆ ಕಾರ್ಮಿಕನಿಗೆ ಸಿಗಬೇಕು ಅನ್ನುವುದೂ ಉಳಿದಿದೆ. ಸೀಸದ ರೋಗಿಯನ್ನು ಕಂಡ ವೈದ್ಯ ಅಧಿಕಾರಿಗೆ ಬರೆದು ತಿಳಿಸಬೇಕು ಅನ್ನುವುದೂ ಉಳಿದಿದೆ. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು ಅಂತ ಹೊಸದಾಗಿ ಸೇರಿಸಿದ್ದಾರೆ, ಅದು ಒಳ್ಳೆಯದು. ನೀವು ಅಲ್ಲಿ ಕೆಲಸ ಮಾಡಿದ್ದಿರಿ ಅನ್ನುವುದಕ್ಕೇ ಕಾಗದ ಇಲ್ಲದಿದ್ದರೆ ರಕ್ತದ ಕಾಗದ ಯಾರನ್ನು ಕೇಳುತ್ತೀರಿ? ಆದರೆ ಇನ್ನೊಂದು ಕಡೆ, ವಿದ್ಯುತ್ತು ಬಳಸುವ ಕಡೆ 10 ಜನರಿದ್ದರೆ ಕಾರ್ಖಾನೆ ಅನ್ನುತ್ತಿದ್ದುದನ್ನು 20ಕ್ಕೆ ಏರಿಸಿದ್ದಾರೆ. ವಿದ್ಯುತ್ತಿಲ್ಲದ ಕಡೆ 20 ಇದ್ದುದು 40. ಅಪಾಯಕಾರಿ ಕೆಲಸವಾದರೆ ಸರ್ಕಾರ ಅಧಿಸೂಚನೆ ಹೊರಡಿಸಿ ಒಬ್ಬನೇ ಆಳಿದ್ದರೂ ಸಂಹಿತೆಯೊಳಗೆ ತರಬಹುದು. ತರುತ್ತದೆಯೇ ಅಂತ ನಾವು ಕೇಳುತ್ತಲೇ ಇರಬೇಕು, ಯಾಕೆಂದರೆ ಹಳೇ ಬ್ಯಾಟರಿ ಒಡೆಯುವುದು ಐದು, ಆರು ಜನರ ಶೆಡ್ಡುಗಳಲ್ಲೇ. ಇನ್ಸ್‌ಪೆಕ್ಟರಿಗೂ ಹೊಸ ಹೆಸರು ಬಂದಿದೆ, 'ಇನ್ಸ್‌ಪೆಕ್ಟರ್ ಕಂ ಫೆಸಿಲಿಟೇಟರ್'. ಅನುಕೂಲ ಮಾಡಿಕೊಡುವವರು ಅಂತ ಅರ್ಥ. ಯಾರ ಅನುಕೂಲ ಅನ್ನುವುದನ್ನು ಕಾದು ನೋಡೋಣ.

ಗೆಳೆಯರೇ, ಅಂಗಡಿಗಳ ನಾಮಫಲಕದಲ್ಲಿ ಕನ್ನಡ ಇರಬೇಕು ಅಂತ ನಾವು ಎಷ್ಟು ವರ್ಷ ಬೀದಿಗಿಳಿದೆವು! ಲಾಠಿ ಏಟು ತಿಂದವರು ಈ ಸಭೆಯಲ್ಲೂ ಇದ್ದಾರೆ. 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಅಂತಾಯಿತು. ಸಂತೋಷ. ನನ್ನ ಪ್ರಶ್ನೆ ಇಷ್ಟೇ. ಅದು ಗೇಟಿನ ಹೊರಗಿನ ಬೋರ್ಡು. ಗೇಟಿನ ಒಳಗಿನ ಬೋರ್ಡಿನ ಕಥೆ ಏನು? 'ಇಲ್ಲಿ ಸೀಸದ ಧೂಳಿದೆ, ಕೈ ತೊಳೆಯದೆ ಉಣ್ಣಬೇಡಿ, ಇಲ್ಲಿ ಬೀಡಿ ಸೇದಬೇಡಿ' ಅನ್ನುವ ಬೋರ್ಡು ಯಾವ ಭಾಷೆಯಲ್ಲಿದೆ? ರಕ್ತ ತೆಗೆಯುವ ಮುನ್ನ ಸಹಿ ಹಾಕಿಸಿಕೊಳ್ಳುವ ಫಾರಂ ಯಾವ ಭಾಷೆಯಲ್ಲಿದೆ? ವರದಿ ಯಾವ ಭಾಷೆಯಲ್ಲಿದೆ? ಹೊರಗಿನ ಬೋರ್ಡಿಗೆ ಮಸಿ ಬಳಿಯುವುದು ಸುಲಭ, ಮರುದಿನ ಪೇಪರಿನಲ್ಲಿ ಫೋಟೋ ಬರುತ್ತದೆ. ಒಳಗಿನ ಬೋರ್ಡಿಗಾಗಿ ಅರ್ಜಿ ಬರೆಯಬೇಕು, ಓಡಾಡಬೇಕು, ಕಾಯಬೇಕು. ಫೋಟೋ ಬರುವುದಿಲ್ಲ. ಆದರೆ ಅಲ್ಲಿರುವುದು ಜೀವದ ಪ್ರಶ್ನೆ.

ನಮ್ಮ ಮೊಳಕಾಲ್ಮೂರು ತಾಲ್ಲೂಕಿನವರಿಗೆ ಇದು ಬೇಗ ಅರ್ಥವಾಗಬೇಕು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಶಾಲೆಯಿಂದ ಕರೆದುಕೊಂಡು ಹೋಗಿ ತೋರಿಸಿದ್ದಾರೆ ನಿಮಗೆ. ಸುವರ್ಣಗಿರಿಯ ರಾಜಕುಮಾರ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ಹೆಸರಾದ ಮೇಲೆ 'ಲಿಪಿಕಾರ' ಅನ್ನುವ ಒಂದು ಮಾತನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಅದು ವಾಯವ್ಯದ, ಗಾಂಧಾರದ ಕಡೆಯ ಲಿಪಿ. ಈ ಗುಡ್ಡಗಾಡಿನಲ್ಲಿ ಅದನ್ನು ಯಾರು ಓದಬೇಕಿತ್ತು? ಚಪಡನಿಗೆ ತನ್ನ ವಿದ್ಯೆ ತೋರಿಸುವ ಚಪಲ ಇತ್ತೇನೋ, ಹೋಗಲಿ, ಒಂದು ಪದ. ಅವನಿಂದ ಯಾರ ಹೊಟ್ಟೆಯೂ ನೋಯಲಿಲ್ಲ. ಇವತ್ತಿನ ಕಾರ್ಖಾನೆಯ ಲಿಪಿಕಾರರು ಇಡೀ ರಿಜಿಸ್ಟರನ್ನೇ ಖರೋಷ್ಠಿ ಮಾಡಿಟ್ಟಿದ್ದಾರೆ!

ಇಲ್ಲಿ ಒಂದು ಮಾತು ನಮ್ಮವರಿಗೇ ಹೇಳಬೇಕು. ಭಟ್ಟಿಗಳಲ್ಲಿ ಇವತ್ತು ಬಿಹಾರದ, ಒಡಿಶಾದ, ಜಾರ್ಖಂಡದ ಹುಡುಗರೂ ಸಾಕಷ್ಟಿದ್ದಾರೆ. ಕನ್ನಡದಲ್ಲಿ ಬೋರ್ಡು ಹಾಕಿ ಅಂತ ಕೇಳುವಾಗ ಅವರ ಭಾಷೆಯಲ್ಲೂ ಹಾಕಿ ಅಂತಲೇ ಕೇಳಿ. ಕೆಲವರಿಗೆ ಈ ಮಾತು ಹಿಡಿಸುವುದಿಲ್ಲ, ನನಗೆ ಗೊತ್ತು. ಆದರೆ ಪಕ್ಕದವನು ಓದಲಾರದೆ ಕೈ ಬಟ್ಟೆ ಕೊಡವಿದರೆ ಆ ಧೂಳು ನಿಮ್ಮ ಮೂಗಿಗೇ ಬರುವುದು. ಅವನು ಅರ್ಜಿಗೆ ಹೆಬ್ಬೆಟ್ಟು ಒತ್ತಿದರೆ ಆ ಹೆಬ್ಬೆಟ್ಟು ನಿಮಗೂ ಬಲ.

ದಾಖಲೆ ಎಷ್ಟು ವರ್ಷ ಇಡಬೇಕು ಅನ್ನುವುದಕ್ಕೂ ದಾರಿ ಇದೆ. 1995ರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ತೀರ್ಪು ಕೊಟ್ಟಿತು. ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಇದರಲ್ಲಿ ಯಾವುದು ತಡವೋ ಅಲ್ಲಿಯ ತನಕ ಇಡಬೇಕು ಅಂತ ಆ ಉದ್ಯಮಕ್ಕೆ ಆಜ್ಞೆ ಮಾಡಿತು. ಅದು ಕಲ್ನಾರಿಗೆ ಹೇಳಿದ ಮಾತು. ಸೀಸವೂ ಮೂಳೆಯಲ್ಲಿ ದಶಕಗಟ್ಟಲೆ ಕೂರುವ ವಿಷವೇ, ಅದೇ ನ್ಯಾಯ ಇಲ್ಲಿಗೂ ಬೇಕು ಅಂತ ಕೇಳಲು ನಮಗೇನು ಅಡ್ಡಿ? ಅಮೆರಿಕದಲ್ಲಿ 1980ರಿಂದಲೇ ನಿಯಮ ಇದೆ. ವೈದ್ಯಕೀಯ ದಾಖಲೆಯನ್ನು ಕೆಲಸದ ಅವಧಿ ಮುಗಿದ ಮೇಲೂ 30 ವರ್ಷ ಇಡಬೇಕು, ಕಾರ್ಮಿಕ ಕೇಳಿದರೆ 15 ಕೆಲಸದ ದಿನಗಳೊಳಗೆ ತೋರಿಸಬೇಕು. ಗಾಳಿಯಲ್ಲಿನ ಸೀಸಕ್ಕೆ ಅವರ ಮಿತಿ ಒಂದು ಘನ ಮೀಟರಿಗೆ 0.05 ಮಿಲಿಗ್ರಾಂ. ನಮ್ಮ 1948ರ ಕಾಯ್ದೆಯ ಅನುಸೂಚಿಯಲ್ಲಿ ಇದ್ದದ್ದು 0.15, ಮೂರು ಪಟ್ಟು. ಕನ್ನಡಿಗನ ಶ್ವಾಸಕೋಶ ಅಮೆರಿಕದವನದಕ್ಕಿಂತ ಮೂರು ಪಟ್ಟು ಗಟ್ಟಿ ಅಂತ ಯಾವ ಡಾಕ್ಟರು ಹೇಳಿದ್ದಾರೋ!

ಅಂಕಿ ಬಚ್ಚಿಟ್ಟರೆ ಏನಾಗುತ್ತದೆ, ಹೊರಗೆ ಬಂದರೆ ಏನಾಗುತ್ತದೆ ಅನ್ನುವುದನ್ನು ಬೆಂಗಳೂರೇ ನೋಡಿದೆ. ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದ ಕಾಲ ಅದು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ 'ಪ್ರಾಜೆಕ್ಟ್ ಲೆಡ್ ಫ್ರೀ' ಅಂತ ದೇಶದ ದೊಡ್ಡ ನಗರಗಳಲ್ಲಿ ಸಾವಿರಾರು ಜನರ ರಕ್ತ ಪರೀಕ್ಷೆ ಮಾಡಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಆ ಕೆಲಸದಲ್ಲಿ ಮುಂದಿದ್ದವರು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಸೀಸ 10ರ ಗೆರೆ ದಾಟಿತ್ತು. 1999ರಲ್ಲಿ ಆ ಅಂಕಿಗಳನ್ನು ಎಲ್ಲರ ಮುಂದೆ ಇಟ್ಟರು. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತಿತು. ಅದೊಂದರಿಂದಲೇ ನಿಂತಿತು ಅನ್ನುವುದಿಲ್ಲ, ಕೋರ್ಟಿನ ಆದೇಶಗಳೂ ಇದ್ದವು. ಮನೆ ಬಣ್ಣದಲ್ಲಿನ ಸೀಸಕ್ಕೆ 2016ರಲ್ಲಿ ನಿಯಮ ಮಾಡಿ 90 ಪಿಪಿಎಂ ಮಿತಿ ಹಾಕಿದರು. ರಸ್ತೆಯ ಸೀಸ, ಗೋಡೆಯ ಸೀಸದ ಲೆಕ್ಕ ಬಯಲಿಗೆ ಬಂತು, ಕಾನೂನು ಬಂತು. ಕಾರ್ಖಾನೆಯ ಸೀಸದ ಲೆಕ್ಕ ಮಾತ್ರ ಬೀರುವಿನೊಳಗೇ ಇದೆ.

ಅದು ಬೀರುವಿನಲ್ಲೇ ಇದ್ದರೂ ಸೀಸ ಮಾತ್ರ ಗೇಟು ದಾಟಿ ಬರುತ್ತದೆ, ತಾಯಂದಿರೇ, ಇದು ನಿಮಗೆ. ಮಗ ಕೆಲಸದ ಬಟ್ಟೆಯಲ್ಲೇ ಮನೆಗೆ ಬಂದು ಕೂಸನ್ನು ಎತ್ತಿಕೊಂಡರೆ ಆ ಧೂಳು ಕೂಸಿನ ಬಾಯಿಗೆ. ದೊಡ್ಡವರಿಗೆ ಹತ್ತುವುದಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಮಕ್ಕಳ ಮೈಗೆ ಸೀಸ ಹತ್ತುತ್ತದೆ, ನೇರ ಮಿದುಳಿಗೆ ಹೊಡೆತ. ಯುನಿಸೆಫ್ 2020ರಲ್ಲಿ ಹೊರತಂದ ವರದಿಯ ಪ್ರಕಾರ ರಕ್ತದಲ್ಲಿ 5ಕ್ಕಿಂತ ಹೆಚ್ಚು ಸೀಸ ಇರುವ ಮಕ್ಕಳು ಜಗತ್ತಿನಲ್ಲಿ ಸುಮಾರು 80 ಕೋಟಿ, ನಮ್ಮ ದೇಶದಲ್ಲೇ ಸುಮಾರು 27 ಕೋಟಿ. ಕೆಲಸದ ಬಟ್ಟೆ ಕೆಲಸದ ಜಾಗದಲ್ಲೇ ಬಿಟ್ಟು, ಸ್ನಾನ ಮಾಡಿ ಬರಬೇಕು. ಅದಕ್ಕೆ ಬಚ್ಚಲು, ನೀರು, ಸೋಪು ಕೊಡುವುದು ಮಾಲೀಕನ ಕೆಲಸ. ಆಗಲಿಲ್ಲವೋ, ಆ ಬಟ್ಟೆ ಬೇರೆಯಾಗಿ ಒಗೆಯಿರಿ.

ಈಗ ಕೇಳುವುದು ಹೇಗೆ? ನಿಮ್ಮಲ್ಲಿ ಅರ್ಧ ಜನರ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಗೊತ್ತು. ಕೇಳಿದರೆ ಕೆಲಸ ಹೋಗುತ್ತದೆ. ಸುಳ್ಳಲ್ಲ. ಅಂಕಿ ಹೆಚ್ಚು ಬಂದವನಿಗೆ ಚಿಕಿತ್ಸೆ ಕೊಡುವ ಬದಲು ಗುತ್ತಿಗೆ ಮುಗಿಸಿ ಕಳಿಸುವುದು ಅಗ್ಗ. ಆದ್ದರಿಂದ ಒಬ್ಬರೇ ಹೋಗಿ ಕೇಳಬೇಡಿ. ಯೂನಿಯನ್ ಇದ್ದರೆ ಅದರ ಮೂಲಕ, ಸುರಕ್ಷತಾ ಸಮಿತಿ ಇದ್ದರೆ ಅದರ ಮೂಲಕ. ಎರಡೂ ಇಲ್ಲದಿದ್ದರೆ ಒಂದೇ ಸಾಲಿನಲ್ಲಿ ಕೆಲಸ ಮಾಡುವ ಎಲ್ಲರೂ ಒಂದೇ ಕಾಗದಕ್ಕೆ ಸಹಿ ಹಾಕಿ, 'ನಮ್ಮ ನಮ್ಮ ರಕ್ತದ ವರದಿಯ ಪ್ರತಿ ನಮಗೆ ಕೊಡಿ, ಏನು ಬರೆದಿದೆ ಅಂತ ಕನ್ನಡದಲ್ಲಿ ತಿಳಿಸಿ' ಅಂತ ಬರೆದುಕೊಡಿ. ಕೊಟ್ಟ ಕಾಗದದ ನಕಲಿನ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಸಿಕ್ಕ ವರದಿಯನ್ನು ದಿನಾಂಕ ಹಾಕಿ ಮನೆಯ ಟ್ರಂಕಿನಲ್ಲಿ ಇಡಿ, ರೇಷನ್ ಕಾರ್ಡಿನ ಜೊತೆಗೆ. ಒಂದು ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ನಾಲ್ಕು ಅಂಕಿ ಸಾಲಾಗಿ ಇಟ್ಟಾಗ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಒಂದು ಪರೀಕ್ಷೆ ಆಗಿದ್ದರೆ ಇನ್ನೂ ಒಳ್ಳೆಯದು. 'ನೀನು ಬರುವಾಗಲೇ ತಂದಿದ್ದೆ' ಅಂತ ಆಮೇಲೆ ಯಾರೂ ಹೇಳುವಂತಿರಬಾರದು.

ಮಾಲೀಕ ಕೊಡಲಿಲ್ಲವೇ? ಸರ್ಕಾರವನ್ನು ಕೇಳಿ. ಖಾಸಗಿ ಕಂಪನಿಯನ್ನು ಮಾಹಿತಿ ಹಕ್ಕಿನಲ್ಲಿ ನೇರವಾಗಿ ಕೇಳಲು ಬರುವುದಿಲ್ಲ. ಆದರೆ ಬೇರೆ ಕಾನೂನಿನ ಪ್ರಕಾರ ಕಂಪನಿಯಿಂದ ಸರ್ಕಾರ ಪಡೆಯಬಹುದಾದ ಮಾಹಿತಿ ಕೂಡ ಮಾಹಿತಿಯೇ ಅಂತ 2005ರ ಮಾಹಿತಿ ಹಕ್ಕು ಕಾಯ್ದೆ ಹೇಳುತ್ತದೆ. ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ ಇದೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಅರ್ಜಿಯನ್ನು ಆಯಾ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬಹುದು ಅಂತ ಆ ಕಾಯ್ದೆಯ ಆರನೇ ಕಲಮಿನಲ್ಲೇ ಇದೆ. ಕನ್ನಡದಲ್ಲೇ ಬರೆಯಿರಿ! ಇಂಗ್ಲಿಷಿನಲ್ಲಿ ಬರೆದರೆ ಬೆಲೆ ಜಾಸ್ತಿ ಅನ್ನುವ ಕೀಳರಿಮೆ ಬಿಡಿ.

ಕೇಳುವುದನ್ನು ಮಾತ್ರ ಜಾಣತನದಿಂದ ಕೇಳಬೇಕು. ಬೇರೆಯವರ ಹೆಸರು ಹಾಕಿ ಅವರ ರಕ್ತದ ವರದಿ ಕೇಳಿದರೆ ವೈಯಕ್ತಿಕ ಮಾಹಿತಿ ಅಂತ ಬಾಗಿಲು ಮುಚ್ಚುತ್ತಾರೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಆ ಬಾಗಿಲನ್ನು ಇನ್ನೂ ಬಿಗಿ ಮಾಡಿದ್ದಾರೆ. ಹೆಸರು ಕೇಳಬೇಡಿ, ಎಣಿಕೆ ಕೇಳಿ. ಇಂಥ ಕಾರ್ಖಾನೆಯಲ್ಲಿ ಕಳೆದ ಮೂರು ವರ್ಷದಲ್ಲಿ ಎಷ್ಟು ಜನರ ರಕ್ತದ ಸೀಸ ಪರೀಕ್ಷೆ ಆಯಿತು? 40 ದಾಟಿದವರು ಎಷ್ಟು? ಅದರಲ್ಲಿ ಗುತ್ತಿಗೆಯವರು ಎಷ್ಟು? ಗಾಳಿಯಲ್ಲಿನ ಸೀಸ ಯಾವ ದಿನ, ಎಲ್ಲಿ ನಿಂತು ಅಳೆದರು, ಎಷ್ಟು ಬಂತು? ಸೀಸದ ರೋಗ ಅಂತ ಎಷ್ಟು ವರದಿ ಬಂದಿವೆ? 'ಶೂನ್ಯ' ಅಂತ ಉತ್ತರ ಬಂದರೂ ಆ ಕಾಗದ ಜೋಪಾನವಾಗಿ ಇಡಿ. ಸೀಸ ಕರಗಿಸುವ ಕಾರ್ಖಾನೆಯಲ್ಲಿ ಒಬ್ಬನೇ ಒಬ್ಬ ರೋಗಿಯೂ ಇಲ್ಲ ಅನ್ನುವ ಶೂನ್ಯವೇ ಮುಂದಿನ ಪ್ರಶ್ನೆಗೆ ಆಧಾರ.

ಇಎಸ್‌ಐ ಕಾರ್ಡಿದ್ದವರು ಆಸ್ಪತ್ರೆಗೆ ಹೋದಾಗ 'ಹೊಟ್ಟೆನೋವು' ಅಂತಷ್ಟೇ ಹೇಳಿ ಬರಬೇಡಿ. 'ನಾನು ಸೀಸದ ಕೆಲಸ ಮಾಡುತ್ತೇನೆ' ಅಂತ ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿ. ಆ ಒಂದು ಸಾಲು ಇಲ್ಲದೆ ಉದ್ಯೋಗದಿಂದ ಬಂದ ರೋಗ ಅಂತ ಪರಿಹಾರ ಕೇಳುವುದು ಕಷ್ಟ. ದೇವನಹಳ್ಳಿ ಹತ್ತಿರ ಐಸಿಎಂಆರ್‌ನವರ ಔದ್ಯೋಗಿಕ ಆರೋಗ್ಯ ಕೇಂದ್ರ ಇದೆ, ಬ್ಯಾಟರಿ ಕಾರ್ಮಿಕರ ರಕ್ತದ ಸೀಸದ ಮೇಲೆ ಅಧ್ಯಯನ ಮಾಡಿರುವವರು. ಅಲ್ಲಿನ ವಿಜ್ಞಾನಿಗಳು ಬರೆಯುವುದೂ ಇಂಗ್ಲಿಷಿನಲ್ಲೇ. ನಿಮ್ಮಲ್ಲಿ ವಿಜ್ಞಾನ ಓದಿದವರು ಎಷ್ಟೋ ಜನ ಇದ್ದೀರಿ. ಅದನ್ನು ಓದಿ, ಎರಡು ಪುಟ ಕನ್ನಡದಲ್ಲಿ ಬರೆದು ಕಾರ್ಖಾನೆ ಗೇಟಿನಲ್ಲಿ ಹಂಚಿದರೆ ಅದೂ ಕನ್ನಡದ ಕೆಲಸವೇ.

ಅರ್ಜಿಯ ನಮೂನೆ ಎರಡು ಥರದ್ದು ಬರೆದು ಜೆರಾಕ್ಸ್ ಮಾಡಿಸಿ ತಂದಿದ್ದೇನೆ. ಒಂದು ಮಾಲೀಕರಿಗೆ, ಒಂದು ಇಲಾಖೆಗೆ. ಆ ಮೇಜಿನ ಮೇಲಿದೆ. ಕಂಪನಿಯ ಹೆಸರು, ನೀವು ಸೇರಿದ ತಾರೀಕು ಖಾಲಿ ಬಿಟ್ಟಿದೆ, ನೀವೇ ತುಂಬಿ. ಸೇರಿದ ತಾರೀಕು ನೆನಪಿಲ್ಲದವರು ಇಲ್ಲೇ ಕೂತು ಜೊತೆಯವರನ್ನು ಕೇಳಿ ಬರೆದುಕೊಳ್ಳಿ. ರಾತ್ರಿ ಬಸ್ಸಿಗೆ ಹೋಗುವವರು ಮೊದಲು ಬನ್ನಿ.